ಮದುವೆಗೆ ಮುನ್ನವೋ, ಅನಂತರವೋ? ಶಸ್ತ್ರಚಿಕಿತ್ಸೆಯ ದಿನವನ್ನು ನಿರ್ಧರಿಸುವ ಬಗೆ

ಮನೆಯಲ್ಲಿ ಮದುವೆ ನಿಶ್ಚಯವಾದೊಡನೆ ಹಿರಿಯರು ತಮ್ಮ ಕಾಯಿಲೆಯನ್ನು ಬದಿಗಿಡುತ್ತಾರೆ. ಹರ್ನಿಯಾ, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆ ಏನೇ ಇರಲಿ, ‘ಕಾರ್ಯ ಕಳೆಯಲಿ, ಆಮೇಲೆ ನೋಡೋಣ’ ಎಂಬ ಮಾತು ಕಾಸರಗೋಡಿನ ನಮ್ಮ ಮನೆಗಳಲ್ಲಿ ಸಾಮಾನ್ಯ. ಈ ನಿರ್ಧಾರ ಕೆಲವೊಮ್ಮೆ ಸರಿ, ಕೆಲವೊಮ್ಮೆ ಪ್ರಾಣಾಪಾಯಕರ.

ಮೊದಲು ವೈದ್ಯರಲ್ಲಿ ಕೇಳಬೇಕಾದುದು, ರೋಗವು ಕಾಯಬಲ್ಲುದೇ ಎಂದು. ಹರ್ನಿಯಾದ ಉಬ್ಬು ಒಳಸರಿಯದೆ ಗಟ್ಟಿಯಾಗಿ ನೋಯತೊಡಗಿದರೆ, ಜೊತೆಗೆ ವಾಂತಿಯಾದರೆ ಒಂದು ದಿನವೂ ಕಾಯುವಂತಿಲ್ಲ. ಪಿತ್ತಕೋಶದ ಕಲ್ಲಿರುವವರಿಗೆ ಜ್ವರವೋ ಕಾಮಾಲೆಯೋ ಕಾಣಿಸಿದರೂ ಹಾಗೆಯೇ. ಕ್ಯಾನ್ಸರಿನ ಶಂಕೆಯಿದ್ದರೆ ಮದುವೆಯ ನೆಪದಿಂದ ಪರೀಕ್ಷೆ, ಚಿಕಿತ್ಸೆಗಳನ್ನು ಮುಂದೂಡಲೇಬಾರದು.

ರೋಗವು ಕಾಯಬಲ್ಲುದಾದರೆ ಮದುವೆಯ ದಿನದಿಂದ ಹಿಂದಕ್ಕೆ ಎಣಿಸಬೇಕು. ಪಿತ್ತಕೋಶವನ್ನು ಲ್ಯಾಪ್ರೊಸ್ಕೋಪಿಯ ಮೂಲಕ ತೆಗೆದರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ನಿತ್ಯದ ಕೆಲಸ ಸಾಧ್ಯ. ಹೊಟ್ಟೆ ತೆರೆದು ಮಾಡಿದರೆ ಸುಮಾರು 6 ವಾರ ಬೇಕು. ಹರ್ನಿಯಾದ ಅನಂತರ 4ರಿಂದ 6 ವಾರ ಭಾರ ಎತ್ತಬಾರದು. ಚಪ್ಪರದ ಕಂಬ, ಅಡುಗೆಯ ಹಂಡೆ ಎರಡೂ ಭಾರವೇ. ಕಣ್ಣಿನ ಪೊರೆ ತೆಗೆದ ಮೊದಲ ವಾರಗಳಲ್ಲಿ ಕಣ್ಣಿಗೆ ಹೊಗೆ, ಧೂಳು ಸಲ್ಲದು. ಹೊಸ ಕನ್ನಡಕ ದೊರೆಯುವುದಕ್ಕೂ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದನ್ನು ಹತೋಟಿಗೆ ತರುವ ಕಾಲವೂ ಬೇರೆ ಬೇಕು.

ಆದುದರಿಂದ ಮದುವೆಗೆ ಎರಡು ಮೂರು ತಿಂಗಳಿದ್ದರೆ ಮೊದಲೇ ಮುಗಿಸುವುದು ಮೇಲು. ಎರಡು ಮೂರು ವಾರಗಳಷ್ಟೇ ಉಳಿದಿದ್ದರೆ, ವೈದ್ಯರ ಒಪ್ಪಿಗೆಯಿಂದ ಅನಂತರಕ್ಕೆ ಇಡಬಹುದು. ಆದರೆ ‘ಆಮೇಲೆ’ ಎಂಬುದಕ್ಕೊಂದು ತಾರೀಕಿರಲಿ. ಬೇಸಿಗೆಯ ಮದುವೆ ಮುಗಿಸಿದವರಿಗೆ ಶುಭಕಾರ್ಯಗಳಿಲ್ಲದ ಆಟಿ ತಿಂಗಳು ವಿಶ್ರಾಂತಿಗೆ ಅನುಕೂಲ.

ಗಡಿನಾಡಿನವರಾದ ನಮಗೆ ಇನ್ನೊಂದು ಎಚ್ಚರ ಬೇಕು. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಓದಲಾರದ ಮಲಯಾಳ ಅಥವಾ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕುವುದುಂಟು. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಬದಲಿ ದಾರಿಗಳನ್ನು ತಿಳಿಸಿಯೇ ರೋಗಿಯ ಸಮ್ಮತಿ ಪಡೆಯಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಣೆ ದೊರೆಯಬೇಕೆಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ. ‘ಕನ್ನಡದಲ್ಲಿ ಹೇಳಿ’ ಎನ್ನಲು ಸಂಕೋಚ ಬೇಡ. ಓದಿ ಹೇಳಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯೋಣ.

ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುವವರು ಸರಕಾರಿ ವಿಮೆ ಅಲ್ಲಿ ಸಲ್ಲುವುದೇ ಎಂದು ಮೊದಲೇ ವಿಚಾರಿಸಬೇಕು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡನ್ನು ಮರೆಯಲಾಗದು. ವರದಿಗಳ ಪ್ರತಿಗಳು ಮನೆಯಲ್ಲಿರಲಿ. ಹೊಲಿಗೆ ಹಾಕಿದಲ್ಲಿ ಕೀವಾದರೆ, ಜ್ವರ ಬಂದರೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕೆಂಬುದು ಮೊದಲೇ ತಿಳಿದಿರಲಿ.

ಮುಹೂರ್ತವನ್ನು ಜೋಯಿಸರಲ್ಲಿ ಕೇಳುವ ಮೊದಲು ಮನೆಯ ಹಿರಿಯರ ಆರೋಗ್ಯವನ್ನು ವೈದ್ಯರಲ್ಲಿ ಕೇಳುವುದು ಒಳಿತು. ಮದುವೆಯ ದಿನವನ್ನು ಬದಲಿಸಬಹುದು, ಕೆಲವು ರೋಗಗಳ ಗಡುವನ್ನು ಬದಲಿಸಲಾಗದು.