ನಿಮಗಿದು ಗೊತ್ತೆ? ಭೇದಿಗೂ ಉಂಟು ಬಾಯಿಗೆ ಹಾಕುವ ಲಸಿಕೆ

ಎಳೆ ಮಕ್ಕಳನ್ನು ಹಿಂಡಿಹಾಕುವ ಭೇದಿಗೆ ಮುಖ್ಯ ಕಾರಣ ರೋಟಾವೈರಸ್. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಇದನ್ನು ಪತ್ತೆ ಹಚ್ಚಿದರು. ಸೂಕ್ಷ್ಮದರ್ಶಕದಡಿ ಗಾಡಿ ಚಕ್ರದಂತೆ ಕಾಣುವುದರಿಂದ ಈ ಹೆಸರು. ಲ್ಯಾಟಿನ್‌ನಲ್ಲಿ ‘ರೋಟಾ’ ಎಂದರೆ ಚಕ್ರ.

ನಮ್ಮದೇ ಲಸಿಕೆ ರೋಟಾವ್ಯಾಕ್ ಹುಟ್ಟಿದ ಬಗೆ ಇನ್ನೂ ಸ್ವಾರಸ್ಯ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ತಂಡದ ಕಣ್ಣಿಗೆ, ವೈರಸ್ ತಗುಲಿಯೂ ಭೇದಿಯಾಗದ ಹಸುಗೂಸುಗಳು ಬಿದ್ದವು. ಆ ಸಾಧು ವೈರಸ್ಸೇ ಮುಂದೆ ಲಸಿಕೆಯಾಯಿತು! ಬೆಂಗಳೂರಿನ ಶಿಶುಗಳಲ್ಲೂ ಅಂಥದ್ದೇ ಇನ್ನೊಂದು ತಳಿ ಸಿಕ್ಕಿತ್ತು. 2016ರಿಂದ ದೇಶದಲ್ಲಿ ಹಂತಹಂತವಾಗಿ ಸರ್ಕಾರವೇ ಈ ಲಸಿಕೆಯನ್ನು ಉಚಿತವಾಗಿ ಕೊಡುತ್ತಿದೆ.

‘ಪೋಲಿಯೊ ಹನಿ ಹಾಕಿದ್ರಲ್ಲಕ್ಕಾ, ಮತ್ತೆ ಇದ್ಯಾಕೆ?’ ಲಸಿಕೆ ದಿನ ಆಶಾ ಕಾರ್ಯಕರ್ತೆಗೆ ತಾಯಂದಿರು ಹೀಗೆ ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಎರಡೂ ಬಾಯಿಗೇ, ಅದೂ ಒಂದೇ ದಿನ. ಆದರೆ ರೋಗ ಬೇರೆ. ರೋಟಾ ಲಸಿಕೆ 6, 10 ಮತ್ತು 14ನೇ ವಾರದಲ್ಲಿ, ಒಟ್ಟು ಮೂರು ಸಲ. ಪ್ರತಿ ಸಲವೂ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿಕೊಳ್ಳಿ.

ಎಲ್ಲ ಭೇದಿಯನ್ನೂ ಇದು ತಡೆಯದು, ಬೇರೆ ರೋಗಾಣುಗಳೂ ಇವೆಯಲ್ಲ! ಹಾಗೆ ಭೇದಿಯಾದರೆ ಎದೆಹಾಲು ನಿಲ್ಲಿಸದೆ ಓಆರ್‌ಎಸ್ ಕುಡಿಸಬೇಕು. ‘ಭೇದಿ ಆದಾಗ ನೀರು ಕೊಡಬೇಡ’ ಎನ್ನುವ ಅಜ್ಜಿಯ ಮಾತನ್ನು ಮಾತ್ರ ಕೇಳಬೇಡಿ.