ಸಮೀಕ್ಷೆಗೆ ನೆರವು ನೀಡುವ ಮುನ್ನ

ಆಟಿಸಂ ಇರುವ ಖಾನಾಪುರದ ಯುವಕನೊಬ್ಬ ಬೆಳಗಾವಿಯ ಕಾರ್ಖಾನೆಗೆ ಕೆಲಸಕ್ಕೆ ಬರಲು ಇಚ್ಛಿಸುವನೆಂದು ಭಾವಿಸೋಣ. ಸ್ವತಂತ್ರ ಜೀವನ ಕುರಿತ ಸಮೀಕ್ಷೆಯೊಂದು ಆತನನ್ನು ‘ಒಬ್ಬರೇ ಪ್ರಯಾಣಿಸಬಲ್ಲಿರಾ?’ ಎಂದು ಕೇಳುತ್ತದೆ. ಬಸ್ಸು, ಟಿಕೆಟ್ ಎಲ್ಲವೂ ಆತನಿಗೆ ಗೊತ್ತು. ನಿಲ್ದಾಣದ ಗದ್ದಲ ಮಾತ್ರ ಅಸಹನೀಯ. ಆತ ‘ಇಲ್ಲ’ ಎಂದರೆ ಆತನ ಸಾಮರ್ಥ್ಯವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅಂತಹ ವರದಿಯನ್ನು ನಂಬಿ ವಿನಿಯೋಗಿಸಿದ ಹಣವೂ ನಷ್ಟದ ಬಾಬತ್ತೇ ಸರಿ.

ಆದುದರಿಂದ ಪ್ರಶ್ನಾವಳಿ ರಚನೆಯ ಹಂತದಲ್ಲಿಯೇ ಆಟಿಸಂ ಇರುವವರು ಪಾಲ್ಗೊಳ್ಳಬೇಕು. ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ‘ಆಸ್ಪೈರ್’ ಸಂಶೋಧನಾ ಬಳಗದಲ್ಲಿ ಅವರು ವಿದ್ವಾಂಸರಿಗೆ ಸಮಾನ ಪಾಲುದಾರರು. ಅಸ್ಪಷ್ಟ ಪದಗಳನ್ನು ತಿದ್ದುವುದೂ ಅವರ ಕಾರ್ಯವೇ.

ನಮ್ಮಲ್ಲಿಯೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಕಲಮಿನಂತೆ, ಸಂಬಂಧಪಟ್ಟವರಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ ಮುಕ್ತ ಸಮ್ಮತಿ ಪಡೆಯದೆ ಅವರನ್ನು ಸಂಶೋಧನೆಗೆ ಒಳಪಡಿಸುವಂತಿಲ್ಲ. ಪೂರ್ವಾನುಮತಿ ನೀಡುವ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರು ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಘಟನೆಗಳವರಾಗಿರಬೇಕು.

ಇಂತಹ ಅಧ್ಯಯನಕ್ಕೆ ದೇಣಿಗೆ ನೀಡುವ ಉದ್ಯಮಿಗಳು ಮೂರು ಅಂಶಗಳನ್ನು ವಿಚಾರಿಸುವುದು ಒಳಿತು: ಪ್ರಶ್ನೆಗಳನ್ನು ಯಾರೊಡನೆ ಕುಳಿತು ಸಿದ್ಧಪಡಿಸಲಾಯಿತು? ಅವರ ಶ್ರಮಕ್ಕೆ ಅಂದಾಜುಪಟ್ಟಿಯಲ್ಲಿ ಸಂಭಾವನೆ ಇದೆಯೇ? ಫಲಿತಾಂಶವು ಸರಳ ಕನ್ನಡ, ಮರಾಠಿಗಳಲ್ಲಿ ಅವರ ಕೈಸೇರುವುದೇ?