ಗೂಗಲ್‌ನಿಂದ ಬಂದವರು ಯಾರು?

ಕಾಪು ಬೀಚ್ ಹತ್ತಿರ ಹೋಮ್‌ಸ್ಟೇ ನಡೆಸುವ ನಮ್ಮ ಮಾವ ವೆಬ್‌ಸೈಟಿನ ಎಸ್‌ಇಒಗೆ ಅಂತ ತಿಂಗಳು ತಿಂಗಳು ದುಡ್ಡು ಕಟ್ತಾರೆ. ಗೂಗಲ್‌ನಿಂದ ಬರುವವರು ಏರ್ತಾ ಇದ್ದಾರೆ ಅನ್ನುತ್ತದೆ ವರದಿ. "ಹಾಗಾದ್ರೆ ರೂಮು ಯಾಕೆ ಖಾಲಿ ಮಾರಾಯ?" ಅಂತ ನನ್ನನ್ನು ಕೇಳಿದರು.

ಅನಲಿಟಿಕ್ಸ್‌ನ 'ಆರ್ಗ್ಯಾನಿಕ್ ಸರ್ಚ್' ಅಂದರೆ ಜಾಹೀರಾತಿಲ್ಲದೆ ಹುಡುಕಾಟದಿಂದ ಬಂದವರು. ಏನು ಹುಡುಕಿದರು ಅನ್ನೋದು ಅಲ್ಲಿ ಕಾಣಲ್ಲ. 2011ರಿಂದ ಗೂಗಲ್ ಅದನ್ನು ಮುಚ್ಚುತ್ತಾ ಬಂತು. ಅದಕ್ಕೆ ಸರ್ಚ್ ಕನ್ಸೋಲ್ ನೋಡಬೇಕು. ಉಚಿತ, 16 ತಿಂಗಳ ಲೆಕ್ಕ ಸಿಗುತ್ತದೆ.

ತೆರೆದರೆ, ಹೆಚ್ಚಿನವರು ಹುಡುಕಿದ್ದು ಹೋಮ್‌ಸ್ಟೇಯ ಹೆಸರನ್ನೇ! ಅಂದರೆ ಅವರಿಗೆ ಮಾವ ಮೊದಲೇ ಗೊತ್ತು. ಗೂಗಲ್ ಬರೀ ವಿಳಾಸ ತೋರಿಸಿದೆ. 1901ರ ದೀಪಸ್ತಂಭ ನೋಡಲು ಬರುವ ಹೊಸಬರು 'ಕಾಪು ಬೀಚ್ ಸ್ಟೇ' ಅಂತಲೋ, ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ 'ಕೌಪ್' ಅಂತಲೋ ಹುಡುಕುತ್ತಾರೆ. ಆ ಸಾಲುಗಳಲ್ಲಿ ಇಂಪ್ರೆಶನ್ ಇತ್ತು, ಕ್ಲಿಕ್ ಇಲ್ಲ. ಸೈಟು ಫಲಿತಾಂಶದಲ್ಲಿ ಬಂದಿದೆ, ಯಾರೂ ಒತ್ತಿಲ್ಲ. ವರದಿ ಕೊಡುವವರನ್ನು ಕೇಳಬೇಕಾದ್ದು ಇದನ್ನೇ: ಹೆಸರಿನ ಹುಡುಕಾಟ ಬಿಟ್ಟರೆ ಉಳಿದ ಕ್ಲಿಕ್ ಎಷ್ಟು?

ಕಾರ್ಕಳದ ನೆಂಟರು ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿ ಬಂದವರು ಇದರಲ್ಲಿ ಸೇರಲ್ಲ. ಅವರು ಹೆಚ್ಚಾಗಿ 'ಡೈರೆಕ್ಟ್' ಲೆಕ್ಕಕ್ಕೆ ಹೋಗುತ್ತಾರೆ.